ಸಾಲದ ಕಂತು ಕಡಿಮಿ ಮಾಡಿಸ್ಕೊಂಡಿದ್ರ ಬೋನಸ್ ಬಗ್ಗೆ ಹುಷಾರ್ ಇರ್ರಿ

ಪುಣೆ ಹತ್ರದ ಚಾಕಣ, ಭೋಸರಿ, ಪಿಂಪ್ರಿ ಕಡೆ ನಮ್ಮ ವಿಜಾಪುರ, ಕಲಬುರ್ಗಿ ಮಂದಿ ಭಾಳ ಅದಾರ, ದೀಪಾವಳಿ ಬೋನಸ್ ಟೈಮೂ ಹತ್ರ ಬಂತು, ಅದಕ್ಕ ನನಗ ಆಗಿದ್ದು ಬರೀಲಿಕ್ಕತ್ತೀನಿ. ಉದ್ದ ಆಗತೈತಿ, ಆದ್ರೂ ಬ್ಯಾಂಕ್ ಜೊತಿ ಮಾತಾಡಿ ಲೋನ್ ಕಂತು ಇಳಿಸ್ಕೊಂಡವ್ರು ಪೂರ್ತಿ ಓದ್ರಿ.

2020ರ ಲಾಕ್‌ಡೌನ್‌ನಾಗ ನಾನೂ ಮೊರಟೋರಿಯಂ ತಗೊಂಡಿದ್ದೆ, ಆಗಸ್ಟ್ ತನಕ ಕಂತು ನಿಂತ್ತು ಆದ್ರ ಬಡ್ಡಿ ನಿಂದರ್ಲಿಲ್ಲ, ಮುಂದ ಕಂಪನಿಯವ್ರು ಅರ್ಧ ಸಂಬಳ ಕೊಟ್ರು, ಪರ್ಸನಲ್ ಲೋನ್ ಹಿಂದ ಬಿತ್ತು. 2022ರ ಏಪ್ರಿಲ್‌ನಾಗ ಬ್ಯಾಂಕಿನವ್ರು ಲೇಟ್ ಚಾರ್ಜು, ಒಂದಿಷ್ಟು ಬಡ್ಡಿ ಬಿಟ್ಟು ತಿಂಗಳಿಗೆ 9,500ರಂಗ 40 ತಿಂಗಳು ಕಟ್ರಿ ಅಂದ್ರು. ಮನಿಯಾಗ ಎಲ್ಲಾರೂ ಉಸಿರು ಬಿಟ್ವಿ. ನಾ ಫೋನ್‌ನಾಗ ಕೇಳೇ ಕೇಳಿದ್ದೆ, ವರ್ಷಕ್ಕೊಮ್ಮೆ ಬೋನಸ್ ಬರತೈತಲ್ಲ ಅದು ಏನಾಗತೈತಿ ಅಂತ. "ಬೋನಸ್ ತುಮ್ಹಾರಾ ಹೈ, ಟೆನ್ಷನ್ ಮತ್ ಲೋ" (ಬೋನಸ್ ನಿಂದ, ಚಿಂತಿ ಮಾಡಬ್ಯಾಡ) ಅಂದ ಬ್ಯಾಂಕಿನ ಹುಡುಗ. ಅಷ್ಟ ನಂಬಿ ಮೂರು ಪಾನಿನ ಇಂಗ್ಲಿಷ್ ಲೆಟರಿಗೆ ಸೈನ್ ಮಾಡಿದೆ.

ಅದ್ರಾಗ ಎರಡನೇ ಪಾನಿನ್ಯಾಗ ಸಣ್ಣ ಅಕ್ಷರದಾಗ ಬರೆದಿತ್ತು: ಬೋನಸ್, ಇನ್ಸೆಂಟಿವ್, ಅರಿಯರ್ಸ್ (ಹಿಂದಿನ ಬಾಕಿ ಸಂಬಳ) ಏನ ಬಂದ್ರೂ ಹತ್ತು ದಿನದಾಗ ತಿಳಿಸಬೇಕು, ಅರ್ಧ ಸಾಲಕ್ಕ ಕಟ್ಟಬೇಕು, ಕಟ್ಟಲಿಲ್ಲಂದ್ರ ಮಾಫಿ ಮಾಡಿದ್ದೆಲ್ಲ ರದ್ದು.

ಅಕ್ಟೋಬರ್ 18ಕ್ಕ ಬೋನಸ್ ಬಂತು. ಸ್ಲಿಪ್‌ನ್ಯಾಗ 84,000, ಟಿಡಿಎಸ್ (ಕಂಪನಿಯವ್ರು ಮೊದಲ ಹಿಡಿಯೂ ಇನ್‌ಕಮ್ ಟ್ಯಾಕ್ಸ್) ಹೋಗಿ ಕೈಗೆ ಬಂದಿದ್ದು 66,528. ಅಪ್ಪಗ ಬೋರಿನ ಮೋಟರ್ ಸಲುವಾಗಿ 30,000 ಹಾಕಿದೆ, ಬಟ್ಟಿ-ಬರಿ, ಸ್ವಾರ್ಗೇಟ್‌ದಿಂದ ಊರಿಗೆ ಬಸ್ ಟಿಕೆಟ್ ಸೇರಿ ಹತ್ತು ಸಾವಿರ. ಅಮಾಸಿ ಹಿಂದಿನ ದಿನ ಬಾಡಿಗಿ ಕಳಸಾಕ ಹೋದ್ರ ಹೋಗವಲ್ದು, ಖಾತೆದಾಗ 26,528 ಕಾಣಸ್ತೈತಿ ಆದ್ರ ತೆಗಿಯಾಕ ಬರೂದಿಲ್ಲ, ಕಸ್ಟಮರ್ ಕೇರಿನವ್ರು 42,000ಕ್ಕ ಲಿಯನ್ ಬಿದ್ದೈತಿ, ಅಂದ್ರ ಸಾಲದ ಸಲುವಾಗಿ ಅಷ್ಟು ರೊಕ್ಕ ಬ್ಯಾಂಕ್ ತಡೆದಿಟ್ಟೈತಿ ಅಂದ್ರು. ನನ್ನ ಸಂಬಳದ ಖಾತೆ ಅದ ಬ್ಯಾಂಕಿನ್ಯಾಗ ಇತ್ತು ನೋಡ್ರಿ, ಬೋನಸ್ ಬಂದದ್ದು ನಾ ಹೇಳೂಕಿಂತ ಮೊದಲ ಅವ್ರಿಗೆ ಗೊತ್ತು. ಅದ ವಾರ ಬ್ಯಾರೆ ಕಡೆ ಇದ್ದ ಬೈಕ್ ಲೋನಿನ ಆಟೋ ಡೆಬಿಟ್ ಬೌನ್ಸ್ ಆಗಿ 590 ರೂಪಾಯಿ ದಂಡ, ಮ್ಯಾಲ ಬ್ಯಾಂಕಿನವ್ರು ಕಡಿಮಿ ಬಿದ್ದಿದ್ದು ತುಂಬ್ರಿ ಇಲ್ಲಂದ್ರ ಹಳೆ ಬಡ್ಡಿ ವಾಪಸ್ ಹತ್ತತೈತಿ ಅಂದ್ರು. ಹಬ್ಬದ ದಿನ ಊರಾಗ ನೂರಕ್ಕ ಮೂರು ಬಡ್ಡಿಲೆ ಸಾಲ ಮಾಡಿ ತುಂಬಿದೆ. ಅಪ್ಪಗ ಇನ್ನೂ ಹೇಳಿಲ್ಲ.

ನನಗ ಭಾಳ ಸಿಟ್ಟು ಬಂದಿದ್ದು ಯಾವ್ದಕ್ಕಂದ್ರ, 42,000 ಅಂದ್ರ 84,000ದ ಅರ್ಧ. ಟಿಡಿಎಸ್ ಸರ್ಕಾರಕ್ಕ ಹೋಗೇತಿ, ಆ ರೊಕ್ಕ ನನ್ನ ಕೈಗೇ ಬಂದಿಲ್ಲ, ಅದ್ರಾಗೂ ಅರ್ಧ ಕೇಳಿದ್ರ ಹೆಂಗ? ಬ್ಯಾಂಕಿಗೆ ಮೇಲ್ ಹಾಕಿ ಕಂಪ್ಲೇಂಟ್ ಕೊಟ್ಟೆ, 30 ದಿನ ಆದ್ರೂ ಉತ್ತರ ಇಲ್ಲ, ಆಮ್ಯಾಲ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮ್ಯಾಲಿನ ದೂರು ನೋಡೂ ಅಧಿಕಾರಿ) ಆನ್‌ಲೈನ್ ಹಾಕಿದೆ. ಅದಕ್ಕ ಫೀ ಏನಿಲ್ಲ, ವಕೀಲರೂ ಬೇಕಾಗಿಲ್ಲ, 14448 ನಂಬರಿಗೆ ಹಚ್ಚಿದ್ರ ಹೆಂಗ ತುಂಬೂದು ಅಂತ ಹೇಳ್ತಾರ. ಮಾರ್ಚ್‌ನಾಗ ಬ್ಯಾಂಕಿನವ್ರು ಕೈಗೆ ಬಂದದ್ರ ಅರ್ಧಾನ ಹಿಡಿತೀವಿ ಅಂತ ಒಪ್ಪಿದ್ರು. ಆದ್ರ ಹೆಚ್ಚಿಗಿ ಹಿಡಿದಿದ್ದ 8,736 ರೂಪಾಯಿ ನನ್ನ ಖಾತೆಗೆ ಬರ್ಲಿಲ್ಲ, ಮುಂದಿನ ಕಂತಿಗೆ ಜಮಾ ಮಾಡಿದ್ರು. ಲಿಯನ್ ಹಾಕಿದ್ದು ತಪ್ಪು ಅಂತ ಆಗ್ಲಿಲ್ಲ, ಯಾಕಂದ್ರ ಸೈನ್ ನಂದ ಇತ್ತು.

ಅದಕ್ಕ ಸೈನ್ ಮಾಡೂಕಿಂತ ಮೊದಲ ಮೇಲ್‌ನ್ಯಾಗ ಕೇಳ್ರಿ, ಫೋನ್‌ನಾಗ ಹೇಳಿದ್ದು ನಾಳೆ ಯಾರೂ ಒಪ್ಪೂದಿಲ್ಲ. ಬೋನಸ್ ಹಿಡಿತೀರೇನು, ಎಷ್ಟು ಹಿಡಿತೀರಿ, ಸ್ಲಿಪ್‌ನ್ಯಾಗಿನ ಲೆಕ್ಕಾನೋ ಕೈಗೆ ಬಂದದ್ದೋ, ಓವರ್‌ಟೈಮೂ ಬರತೈತೇನು. ಇನ್ನೊಂದು, ಆ ರೊಕ್ಕ ಎದಕ್ಕ ಜಮಾ ಆಗತೈತಿ ಅಂತ ಕೇಳ್ರಿ, ನಂದು ಮೊದಲು ಚಾರ್ಜು, ಬಡ್ಡಿಗೆ ಹೋಗಿ ಕಡೀಕ ಅಸಲಿಗೆ ಬಂತು, 40 ತಿಂಗಳಾಗ ಒಂದ ತಿಂಗಳೂ ಕಡಿಮಿ ಆಗ್ಲಿಲ್ಲ. ಸಾಧ್ಯ ಇದ್ರ ಸಂಬಳದ ಖಾತೆ ಬ್ಯಾರೆ ಬ್ಯಾಂಕಿನ್ಯಾಗ ಇರ್ಲಿ, ಕಟ್ಟೂದು ತಪ್ಪಸಾಕ ಅಲ್ಲ, ಬಾಡಿಗಿ ರೇಷನ್ ರೊಕ್ಕಾನೂ ಒಮ್ಮೆಲೆ ಸಿಕ್ಕೊಬಾರ್ದು ಅಂತ.

ಸಂಬಳ ಅಟ್ಯಾಚ್ (ಜಪ್ತಿ) ಮಾಡಸ್ತೀವಿ ಅಂತ ರಿಕವರಿಯವ್ರು ಅಂಜಿಸಿದ್ರ ಅಂಜಬ್ಯಾಡ್ರಿ, ಅದಕ್ಕ ಕೋರ್ಟ್ ಡಿಕ್ರಿ (ಕೋರ್ಟಿನ ತೀರ್ಪು) ಬೇಕು, ಡಿಕ್ರಿ ಆದ್ರೂ ಇಂಥಾ ಸಾಲಕ್ಕ ಮೊದಲಿನ 1,000 ರೂಪಾಯಿ ಮತ್ತ ಉಳಿದಿದ್ರ ಮೂರನೇ ಎರಡು ಪಾಲು ಮುಟ್ಟಂಗಿಲ್ಲ, ಸಿವಿಲ್ ಪ್ರೊಸೀಜರ್ ಕೋಡ್ 60ನೇ ಸೆಕ್ಷನ್‌ನ್ಯಾಗ ಐತಿ.

ಹೋದ ತಿಂಗಳ ನಮ್ಮ ಶಿಫ್ಟಿನ ಇಂಡಿ ಕಡೆ ಹುಡುಗ ಒಬ್ಬ ಇಂಥದ ಲೆಟರ್ ತಂದು ತೋರಿಸಿದ, ಅದ್ರಾಗೂ ಬೋನಸ್ ಮಾತು ಇತ್ತು. ಇಬ್ರೂ ಕೂತು ಮೇಲ್ ಬರದ್ವಿ, ನಾಕು ದಿನಕ್ಕ ಕೈಗೆ ಬಂದದ್ರಾಗ ಕಾಲು ಭಾಗ ಅಷ್ಟ ಅಂತ ತಿದ್ದಿ ಕಳಿಸಿದ್ರು. ಆಮ್ಯಾಲ ಸೈನ್ ಮಾಡ್ಯಾನ.