ದಿ ಚೋಸನ್: ಐದು ಸೀಸನ್ ನೋಡಿದ್ಮೇಲೆ, ಸುವಾರ್ತೆ ಪಕ್ಕದಲ್ಲಿಟ್ಕೊಂಡು

ಯೇಸು ಮತ್ತು ಶಿಷ್ಯರ ಕಥೆ ಹೇಳೋ ದಿ ಚೋಸನ್ ಸೀರೀಸ್ 2019ರಲ್ಲಿ ಶುರುವಾಯ್ತು, ಮೊದಲ ಸೀಸನ್‌ನಿಂದ್ಲೂ ನೋಡ್ಕೊಂಡು ಬಂದಿದೀನಿ, ಈಗ ಐದು ಸೀಸನ್ ಆಗಿದೆ, ಒಂದೊಂದ್ರಲ್ಲೂ 8 ಎಪಿಸೋಡ್, ಕೆಲವನ್ನಂತೂ ಮತ್ತೆ ಮತ್ತೆ ನೋಡಿದೀನಿ. ಜನ ಕೊಟ್ಟ ದುಡ್ಡಲ್ಲಿ ಶುರುವಾದ ಸೀರೀಸ್ ಇದು, ಅವರದ್ದೇ ಆ್ಯಪ್‌ನಲ್ಲಿ ಫ್ರೀಯಾಗಿ ಸಿಗುತ್ತೆ, ಹಾಗಾಗಿ ದುಡ್ಡು ವರ್ತಾ ಅಂತ ಯೋಚನೆ ಮಾಡೋ ಹಾಗಿಲ್ಲ. ಇದನ್ನ ನೋಡ್ತಾ ನೋಡ್ತಾ ನಾವು ಸತ್ಯವೇದ (ಬೈಬಲ್), ಅದ್ರಲ್ಲೂ ಯೇಸುವಿನ ಜೀವನ ಹೇಳೋ ನಾಲ್ಕು ಸುವಾರ್ತೆಗಳನ್ನ ಓದೋ ರೀತಿ ಏನಾಗುತ್ತೆ ಅನ್ನೋದ್ರ ಬಗ್ಗೆ ಬರೀಬೇಕು ಅನ್ನಿಸ್ತು.

ಮೊದಲು ಒಳ್ಳೇದು ಹೇಳ್ತೀನಿ, ಯಾಕಂದ್ರೆ ತುಂಬಾ ಇದೆ. ಸಬ್ಬತ್‌ದಿನ, ಅಂದ್ರೆ ಯೆಹೂದ್ಯರ ವಿಶ್ರಾಂತಿ ದಿನ, ಅಂದ ತಕ್ಷಣ ನಮ್ಮ ಓದಿನಲ್ಲಿ ಬರೋದು ಫರಿಸಾಯರ (ನಿಯಮದಲ್ಲಿ ಕಟ್ಟುನಿಟ್ಟಾದ ಯೆಹೂದ್ಯ ಪಂಗಡ) ಜಗಳ ಮಾತ್ರ. ಇಲ್ಲಿ ಮೊದಲ ಸೀಸನ್‌ನಲ್ಲೇ ದೀಪ ಹಚ್ಚಿ, ರೊಟ್ಟಿ ಮುಂದಿಟ್ಕೊಂಡು ಪ್ರಾರ್ಥನೆ ಮಾಡಿ ಊಟಕ್ಕೆ ಕೂತ್ಕೊಳ್ಳೋ ಮನೆಗಳನ್ನ ತೋರಿಸ್ತಾರೆ, ಅದನ್ನ ನೋಡಿದ್ಮೇಲೆ ಯೇಸು ಸ್ವಾಮಿ ಯೆಹೂದ್ಯರ ಮನೇಲಿ ಬೆಳೆದ ಮಗ ಅನ್ನೋದು ನಂಗೆ ನಿಜವಾಗ್ಲೂ ಮನಸ್ಸಿಗೆ ಇಳೀತು. ಶಿಷ್ಯರು ವಯಸ್ಸಲ್ಲಿ ಚಿಕ್ಕವರು, ಕಿತ್ತಾಡ್ತಾರೆ, ಸುಂಕದವನಾಗಿದ್ದ ಮತ್ತಾಯನನ್ನ ಪೇತ್ರ ಸುಲಭಕ್ಕೆ ಕ್ಷಮಿಸಲ್ಲ. ಜೊನಾಥನ್ ರೂಮಿ ಯೇಸುವಾಗಿ ನಗೋದನ್ನ ನೋಡೋದೇ ಒಂದು ಖುಷಿ.

ಈಗ ಕಷ್ಟದ ವಿಷಯ. ಎರಡನೇ ಸೀಸನ್‌ನಲ್ಲಿ ಬೇತ್ಸಥಾ ಕೊಳದ ಎಪಿಸೋಡ್ ಇದೆ, ಯೋಹಾನ ಸುವಾರ್ತೆಯ 5ನೇ ಅಧ್ಯಾಯ. ನೀರು ಕದಲಿದಾಗ ಮೊದಲು ಇಳಿದವರಿಗೆ ವಾಸಿ ಆಗುತ್ತೆ ಅಂತ ನಂಬಿ ರೋಗಿಗಳು ಕಾಯ್ತಿದ್ದ ಕೊಳ ಅದು. ಸೀರೀಸ್‌ನಲ್ಲಿ ಆ ರೋಗಿಗೆ ಹೆಸರಿದೆ, ಬಾಲ್ಯ ಇದೆ, ತಮ್ಮ ಇದಾನೆ, ಆ ತಮ್ಮನೇ ಮುಂದೆ ಶಿಷ್ಯನಾಗೋ ಮತಾಭಿಮಾನಿ ಸೀಮೋನ. ಅಣ್ಣ ಎದ್ದು ನಿಂತಾಗ ನಾನು ಅತ್ತಿದೀನಿ, ಈಗ ನೋಡಿದ್ರೂ ಅಳು ಬರುತ್ತೆ. ಆದ್ರೆ ಅಧ್ಯಾಯ ತೆಗೆದು ನಿಧಾನಕ್ಕೆ ಓದಿ ನೋಡಿ. ಅವನಿಗೆ ಹೆಸರೇ ಇಲ್ಲ. ಇರೋದು 38 ವರ್ಷದ ಕಾಯಿಲೆ, ಅಷ್ಟೇ. ವಾಸಿ ಆಗೋಕೆ ಮನಸ್ಸಿದೆಯಾ ಅಂತ ಯೇಸು ಕೇಳಿದ್ರೆ ಹೌದು ಅಂತ ಕೂಡ ಅನ್ನಲ್ಲ, ನನ್ನನ್ನ ಕೊಳಕ್ಕೆ ಇಳಿಸೋರು ಯಾರೂ ಇಲ್ಲ, ನಾನು ಹೋಗೋಷ್ಟ್ರಲ್ಲಿ ಇನ್ನೊಬ್ಬ ಇಳಿದುಬಿಡ್ತಾನೆ ಅಂತ ದೂರ್ತಾನೆ. ವಾಸಿ ಮಾಡಿದ್ದು ಯಾರು ಅಂತಾನೂ ಅವನಿಗೆ ಗೊತ್ತಿರಲ್ಲ, ಆಮೇಲೆ ಗೊತ್ತಾದಾಗ ಹೋಗಿ ಅಧಿಕಾರಿಗಳಿಗೆ ಹೇಳ್ತಾನೆ, ಅಲ್ಲಿಂದ ಯೇಸುವಿಗೆ ಹಿಂಸೆ ಶುರು. ಒಂದು ಥ್ಯಾಂಕ್ಸ್ ಕೂಡ ಬರೆದಿಲ್ಲ ಅಲ್ಲಿ. ಇಂಥವನು ಬೇಡಿಕೊಳ್ಳದೇ ಇದ್ರೂ ಎಬ್ಬಿಸಿದ ಕೃಪೆ ಅದು, ಅವನ ಹಿಂದೆ ಮನಸ್ಸು ಕರಗಿಸೋ ಕಥೆ ಇಲ್ಲದೇ ಇರೋದ್ರಿಂದ್ಲೇ ಅದು ಅಷ್ಟು ದೊಡ್ಡದಾಗಿ ಕಾಣುತ್ತೆ.

ಶಿಷ್ಯ ತೋಮನ ವಿಷಯದಲ್ಲೂ ಹೀಗೇ (ನಾಲ್ಕನೇ ಸೀಸನ್ ನೋಡಿಲ್ದಿದ್ರೆ ಈ ಪ್ಯಾರಾ ಬಿಟ್ಟುಬಿಡಿ). ತೋಮ ಮದುವೆ ಆಗ್ಬೇಕಾಗಿದ್ದ ಹುಡುಗಿ ರಾಮಾ ಅಂತ ಒಂದು ಪಾತ್ರ ಸೃಷ್ಟಿಸಿದಾರೆ, ಅವಳು ರೋಮ್ ಅಧಿಕಾರಿಯ ಕತ್ತಿಗೆ ಬಲಿಯಾಗ್ತಾಳೆ, ಆಮೇಲೆ ಸತ್ತುಹೋಗಿದ್ದ ಲಾಜರನನ್ನ ಯೇಸು ಬದುಕಿಸಿ ಅವನು ಎದ್ದು ಬಂದಾಗ ತೋಮನ ದುಃಖ ನೋಡೋಕಾಗಲ್ಲ. ನಟನೆ ಅದ್ಭುತ, ನೋವು ಸುಳ್ಳಲ್ಲ, ಮನೇಲಿ ಸಾವು ಕಂಡ ಎಷ್ಟೋ ಜನ ಇದೇ ಪ್ರಶ್ನೆ ಕೇಳಿರ್ತಾರೆ. ಆದ್ರೆ ಯೋಹಾನ 20ರಲ್ಲಿ, ಯೇಸು ಸಾವಿನಿಂದ ಎದ್ದಿದ್ದನ್ನ ತೋಮ ಯಾಕೆ ನಂಬಲಿಲ್ಲ ಅಂತ ಕಾರಣ ಕೊಟ್ಟಿಲ್ಲ. ಗಾಯದಲ್ಲಿ ಬೆರಳಿಡದೆ ನಂಬಲ್ಲ ಅಂದ, ಅಷ್ಟೇ. ನನ್ನ ಅಪನಂಬಿಕೆಗೂ ಎಷ್ಟೋ ಸಲ ಹೇಳಿಕೊಳ್ಳೋಕೆ ದೊಡ್ಡ ದುರಂತ ಏನೂ ಇರಲ್ಲ, ಬೆಳಗ್ಗೆ ಎದ್ದಾಗ ಸುಮ್ನೆ ನಂಬಿಕೆ ಬರಲ್ಲ, ಆ ದಿನ ನಂಗೆ ಬೇಕಾಗಿರೋದು ಕಾರಣ ಇಲ್ಲದ ಆ ತೋಮ.

ಸ್ಕ್ರೀನ್ ಮೇಲೆ ಎಲ್ಲದಕ್ಕೂ ಕಾರಣ ಬೇಕೇ ಬೇಕು, ಇಲ್ಲದಿದ್ರೆ ಕಥೆ ನಿಲ್ಲಲ್ಲ, ಅದು ಅವರ ತಪ್ಪಲ್ಲ. ಮೊದಲ ಎಪಿಸೋಡ್ ಶುರುವಿನಲ್ಲೇ ಹಿನ್ನೆಲೆ ಕಥೆ, ಕೆಲವು ಪಾತ್ರ, ಮಾತುಗಳನ್ನ ನಾವೇ ಸೇರಿಸಿದೀವಿ, ಸುವಾರ್ತೆಗಳನ್ನ ಓದಿ ಅಂತ ಪ್ರಾಮಾಣಿಕವಾಗಿ ಹಾಕಿದಾರೆ. ಅದನ್ನ ಸ್ಕಿಪ್ ಮಾಡೋರು ನಾವು. ಮತ್ತಾಯನನ್ನ ಕರೆಯುವಾಗ ಸೀರೀಸ್‌ನ ಯೇಸು ಪೇತ್ರನಿಗೆ ಹೇಳೋ ಮಾತನ್ನ ಜನ ಸತ್ಯವೇದದ ವಾಕ್ಯ ಅನ್ನೋ ಹಾಗೆ ಸ್ಟೇಟಸ್ ಹಾಕ್ತಾರೆ, ಮತ್ತಾಯ 9:9ರಲ್ಲಿ ಇರೋದು ನನ್ನನ್ನು ಹಿಂಬಾಲಿಸು ಅನ್ನೋದು ಮಾತ್ರ, ಅವನು ಎದ್ದು ಹೊರಟ. ದಯವಿಟ್ಟು ಇದನ್ನ ಬೆರೆಸಬೇಡಿ, ವಿಶೇಷವಾಗಿ ಮಕ್ಕಳಿಗೆ ಹೇಳಿಕೊಡುವಾಗ.

ಇನ್ನೊಂದು, ಮುಖ. ಯೇಸು ನೋಡೋಕೆ ಹೇಗಿದ್ರು ಅಂತ ನಾಲ್ಕು ಸುವಾರ್ತೆಗಳ 89 ಅಧ್ಯಾಯದಲ್ಲಿ ಎಲ್ಲೂ ವರ್ಣನೆ ಇಲ್ಲ, ಬೆಟ್ಟದ ಮೇಲೆ ಮುಖ ಸೂರ್ಯನ ಹಾಗೆ ಹೊಳೀತು ಅನ್ನೋದು ಬಿಟ್ರೆ. ಈಗ ಪ್ರಾರ್ಥನೆಗೆ ಕಣ್ಮುಚ್ಚಿದ್ರೆ ನಟನ ಮುಖ ಬರುತ್ತೆ. ಆಗ ಕಣ್ಣು ಬಿಟ್ಟು ಒಂದು ಕೀರ್ತನೆ ಗಟ್ಟಿಯಾಗಿ ಓದ್ತೀನಿ, ಸ್ವಲ್ಪ ಹೊತ್ತಿಗೆ ಮುಖ ಹೋಗಿ ಮಾತು ಉಳಿಯುತ್ತೆ.

ಹೊಸದಾಗಿ ನೋಡೋರಿಗೆ ನಾನು ಹೇಳೋದು, ಮೊದಲು ಮಾರ್ಕ ಸುವಾರ್ತೆ ಪೂರ್ತಿ ಓದಿ, 16 ಅಧ್ಯಾಯ, ಒಂದೇ ಕೂತಲ್ಲಿ ಮುಗಿಯುತ್ತೆ, ಆಮೇಲೆ ಸೀಸನ್ ಒಂದು ಹಾಕಿ, ಪ್ರತಿ ಎಪಿಸೋಡ್ ಮುಗಿದ್ಮೇಲೆ ಆ ಭಾಗಕ್ಕೆ ವಾಪಸ್ ಹೋಗಿ ಏನು ಇತ್ತು ಏನು ಸೇರಿಸಿದ್ರು ಅಂತ ನೋಡಿ. ನಾನಂತೂ ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೀನಿ. ಆರನೇ ಸೀಸನ್ ಶಿಲುಬೆಯದ್ದು, ಅದನ್ನೂ ನೋಡ್ತೀನಿ, ಆದ್ರೆ ಸ್ವಲ್ಪ ಭಯ ಇದೆ, ಯಾಕಂದ್ರೆ ಮಾರ್ಕ 15ರಲ್ಲಿ ಮೊಳೆ ಹೊಡೆದಿದ್ದರ ವರ್ಣನೆ ಒಂದೂ ಇಲ್ಲ, ಶಿಲುಬೆಗೆ ಹಾಕಿದ್ರು ಅಂತ ಹೇಳಿ ಮಾರ್ಕ ನೇರವಾಗಿ ಬಟ್ಟೆಗೆ ಚೀಟಿ ಹಾಕಿದ ಸೈನಿಕರ ಕಡೆ ಹೋಗಿಬಿಡ್ತಾನೆ, ಕ್ಯಾಮೆರಾ ಹಾಗೆ ಬೇರೆ ಕಡೆ ತಿರುಗುತ್ತಾ ಅಂತ ಕಾದು ನೋಡ್ಬೇಕು.