ಫಾರ್ಮ್ಯಾಟ್‌ಗೆ ಮೊದಲು ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮಾಡಿ ನೋಡಿ

ಮನೆ ಕಂಪ್ಯೂಟರಿಗೆ ವೈರಸ್ ಹತ್ತಿದೆ ಅಂದ ಕೂಡಲೇ ‘ಫಾರ್ಮ್ಯಾಟ್ ಹೊಡೆದುಬಿಡಿ’ ಅನ್ನುವವರೇ ಜಾಸ್ತಿ. ನಮ್ಮ ಏರಿಯಾದ ರಿಪೇರಿ ಅಂಗಡಿಯಲ್ಲೂ ಅದನ್ನೇ ಹೇಳಿದರು. ನಾನು ಮನೆಯಲ್ಲೇ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಇತ್ಯಾದಿ ಅಚ್ಚಿಗೆ ಸಿದ್ಧಮಾಡುವ ಕೆಲಸ, ಮಾಡುವವಳು. ಫಾರ್ಮ್ಯಾಟ್ ಆದರೆ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ, ಫಾಂಟುಗಳು, ಪ್ರಿಂಟರ್ ಡ್ರೈವರ್ ಎಲ್ಲ ಹೊಸದಾಗಿ ಹಾಕಬೇಕು. ಮದುವೆ ಸೀಸನ್‌ನಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ವಿಂಡೋಸ್ 10, 11ರ ಒಳಗೇ ಪುಕ್ಕಟೆ ಬರುವ ಆಂಟಿವೈರಸ್ ಮೈಕ್ರೋಸಾಫ್ಟ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಬಳಸಿದೆ. ಕಂಪ್ಯೂಟರ್ ಉಳಿಯಿತು.

ಬಂದಿದ್ದು ಶಾರ್ಟ್‌ಕಟ್ ವೈರಸ್, ಗಿರಾಕಿಯೊಬ್ಬರ ಪೆನ್‌ಡ್ರೈವ್ ಮೂಲಕ. ‘ಲಗ್ನಪತ್ರಿಕೆ’ ಫೋಲ್ಡರಿನ ಮೂಲೆಯಲ್ಲಿ ಪುಟ್ಟ ಬಾಣದ ಗುರುತು, ಸೈಜು ನೋಡಿದರೆ ಬರೀ 2 ಕೆಬಿ. ಅದನ್ನು ಒತ್ತಿದರೆ ಫೋಲ್ಡರ್ ಎಂದಿನಂತೆ ತೆರೆದುಕೊಳ್ಳುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ? ಆದರೆ ಅದೇ ಕ್ಲಿಕ್ಕಿಗೆ ವೈರಸ್ಸೂ ಓಡಿರುತ್ತದೆ. ಅಸಲಿ ಫೋಲ್ಡರನ್ನು ಅದು ಮರೆಮಾಡಿ ಇಟ್ಟಿರುತ್ತದೆ. ಶಾರ್ಟ್‌ಕಟ್‌ಗಳನ್ನು ಅಳಿಸಿದರೂ ಮತ್ತೆ ಹುಟ್ಟುತ್ತವೆ, ಏಕೆಂದರೆ ಅವನ್ನು ಹುಟ್ಟಿಸುವ ಸ್ಕ್ರಿಪ್ಟು (ಪುಟ್ಟ ಪ್ರೋಗ್ರಾಮು) ತೆರೆಮರೆಯಲ್ಲಿ ಓಡುತ್ತಲೇ ಇರುತ್ತದೆ.

ಆಫ್‌ಲೈನ್ ಸ್ಕ್ಯಾನ್ ಕೆಲಸಕ್ಕೆ ಬರುವುದು ಇಲ್ಲೇ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಯುತ್ತದೆ. ಆಗ ವೈರಸ್ ಓಡುತ್ತಿರುವುದಿಲ್ಲ, ಬಚ್ಚಿಟ್ಟುಕೊಳ್ಳಲೂ ಆಗದು. ಸುಮಾರು 15 ನಿಮಿಷದ ಕೆಲಸ. ಶುರುಮಾಡುವ ಮೊದಲು ತೆರೆದ ಫೈಲುಗಳನ್ನು ಸೇವ್ ಮಾಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಸ್ಕ್ಯಾನ್ ಆಪ್ಷನ್ಸ್, ಅಲ್ಲಿ ಕೆಳಗಡೆ ಈ ಸ್ಕ್ಯಾನ್ ಇದೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ಅಷ್ಟು ಒಳಗೆ ಇಟ್ಟಿರುವುದು ನನಗೆ ಹಿಡಿಸಲಿಲ್ಲ. ಏನು ಸಿಕ್ಕಿತು ಎಂದು ತಿಳಿಯಲೂ ಆಮೇಲೆ ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಬೇಕು.

ಇನ್ನೊಂದು ವಿಷಯ. ಸ್ಕ್ಯಾನ್ ವೈರಸ್ಸನ್ನು ತೆಗೆಯುತ್ತದೆ, ಮರೆಯಾದ ಫೋಲ್ಡರುಗಳನ್ನು ಹೊರಗೆ ತರುವುದಿಲ್ಲ. ಪೆನ್‌ಡ್ರೈವ್ ಖಾಲಿ ಕಂಡರೆ ಗಾಬರಿ ಬೇಡ. ಕಮಾಂಡ್ ಪ್ರಾಂಪ್ಟಿನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಆ ಡ್ರೈವಿನ ಮೇಲೆ, ಮರೆಮಾಡಿದ ಗುರುತು ತೆಗೆಯುವ ‘ಆಟ್ರಿಬ್’ (attrib) ಕಮಾಂಡನ್ನು ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಕೊನೆಗೆ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ ಸೇರಿಸಿ ಓಡಿಸಿ. ನನ್ನ ಲಗ್ನಪತ್ರಿಕೆಗಳೆಲ್ಲ ಹಾಗೇ ವಾಪಸ್ ಬಂದವು. ನೋಡಿ ಎಷ್ಟು ಖುಷಿಯಾಯಿತು ಗೊತ್ತಾ!

ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಡಿದಿದ್ದರೆ ಮಾತ್ರ ಕಥೆ ಬೇರೆ. ಲಾಕ್ ಆದ ಫೈಲುಗಳನ್ನು ಈ ಸ್ಕ್ಯಾನ್ ಬಿಡಿಸಿಕೊಡುವುದಿಲ್ಲ.

ಇನ್ನೂ ಅನುಮಾನ ಉಳಿದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲೂ ಪುಕ್ಕಟೆ ಟೂಲ್‌ಗಳಿವೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಬ್ರೌಸರಿನಲ್ಲಿ ಕಿರುಚುವ ಪುಟವನ್ನು ಮಾತ್ರ ನಂಬಲೇಬೇಡಿ, ಅದು ದುಡ್ಡು ಕೀಳುವ ದಂಧೆ. ಮತ್ತೆ, ವೈರಸ್ ಹತ್ತಿದ ಕಂಪ್ಯೂಟರಿನಲ್ಲಿ ಬಳಸಿದ ಬ್ಯಾಂಕ್, ಈಮೇಲ್ ಪಾಸ್‌ವರ್ಡ್‌ಗಳನ್ನು ಅವತ್ತೇ ಫೋನಿನಿಂದ ಬದಲಾಯಿಸಿಕೊಳ್ಳಿ.