ದಾನಪತ್ರದ ನಂತರ ಮಗ ಕೈಬಿಟ್ಟರೆ: ಸಹಾಯವಾಣಿ, ನ್ಯಾಯಮಂಡಳಿ ಅಥವಾ ಸಿವಿಲ್ ನ್ಯಾಯಾಲಯ

ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟು ಈಗ ಔಷಧಿಗೂ ಪರದಾಡುತ್ತಿರುವ ತಾಯಿ ಯಾವ ಬಾಗಿಲು ತಟ್ಟಬೇಕು ಎಂಬುದು, ಅವರಿಗೆ ತುರ್ತಾಗಿ ಬೇಕಿರುವುದು ಬುದ್ಧಿಮಾತೋ, ತಿಂಗಳ ಖರ್ಚೋ, ಮನೆಯೋ ಎಂಬುದರ ಮೇಲೆ ನಿಂತಿದೆ.

ಸಹಾಯವಾಣಿ, ನ್ಯಾಯಮಂಡಳಿ, ಸಿವಿಲ್ ನ್ಯಾಯಾಲಯ ಈ ಮೂರು ದಾರಿಗಳಿಗೆ ತಗಲುವ ಖರ್ಚಿನ ವಿಷಯ ಸರಳ. 14567 ಹಿರಿಯರ ಸಹಾಯವಾಣಿಗೆ ಕರೆ ಉಚಿತ. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯವರು ನಡೆಸುವ ನ್ಯಾಯಮಂಡಳಿಗೆ ವಕೀಲರಿಲ್ಲದೆ ತಾವೇ ಅರ್ಜಿ ಕೊಡಬಹುದು. ಸಿವಿಲ್ ದಾವೆಗೆ ನ್ಯಾಯಾಲಯದ ಶುಲ್ಕವೂ ವಕೀಲರ ಶುಲ್ಕವೂ ಬೀಳುತ್ತವೆ.

ಸಹಾಯವಾಣಿಯವರು ಮಾರ್ಗದರ್ಶನ ನೀಡಬಲ್ಲರು, ಆದರೆ ಮಗ ಪಾಲಿಸಲೇಬೇಕಾದ ಆದೇಶ ಹೊರಡಿಸಲಾರರು. ಹೆದರಿಕೆ ಇದ್ದರೆ ಸಾಕು ಎಂಬಂಥ ಮಗನಿಗೆ ಅಷ್ಟೇ ಸಾಲಬಹುದು. ಜೀವನಾಂಶ ಬೇಕಾದವರಿಗೆ ನ್ಯಾಯಮಂಡಳಿಯೇ ಹತ್ತಿರದ ದಾರಿ: 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ ಪ್ರಕಾರ ನೋಟಿಸ್ ಜಾರಿಯಾದ 90 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನೂ 30 ದಿನ ಸಿಗುತ್ತದೆ. (ಕಡತಗಳು ಈ ಲೆಕ್ಕಕ್ಕೆ ಸದಾ ಬಗ್ಗುವುದಿಲ್ಲ.)

ಮನೆಯನ್ನೇ ಮರಳಿ ಪಡೆಯಬೇಕೆಂದರೆ ಮೊದಲು ಪತ್ರವನ್ನು ಓದಿ. ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಬರೆದಿದೆಯೋ, ನೋಡಿಕೊಳ್ಳಬೇಕೆಂಬ ಷರತ್ತೂ ಇದೆಯೋ? ಷರತ್ತಿದ್ದು ಮಗ ತಪ್ಪಿದ್ದರೆ, ಕಾಯ್ದೆ ಜಾರಿಯಾದ ನಂತರದ ಪತ್ರವನ್ನು 23ನೇ ಕಲಮಿನಡಿ ನ್ಯಾಯಮಂಡಳಿಯೇ ರದ್ದುಪಡಿಸಬಹುದು. ಷರತ್ತನ್ನು ತೋರಿಸಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಆದರೆ 2025ರ ತೀರ್ಪೊಂದರಲ್ಲಿ ಅದೇ ಕಲಮಿಗೆ ಹಿರಿಯರ ಪರವಾದ ಉದಾರ ಅರ್ಥವನ್ನು ಒಪ್ಪಿತು. ಷರತ್ತೇ ಇಲ್ಲದ ಹಳೆಯ ಪತ್ರವಾಗಿದ್ದು, ಬೆದರಿಸಿಯೋ ವಂಚಿಸಿಯೋ ಸಹಿ ಹಾಕಿಸಿಕೊಂಡಿದ್ದರೆ, ನಿಧಾನವಾದರೂ ಸಿವಿಲ್ ನ್ಯಾಯಾಲಯವೇ ಸೂಕ್ತ. ವಿಷಯ ತಿಳಿದ 3 ವರ್ಷಗಳೊಳಗೆ ದಾವೆ ಹೂಡಬೇಕು.

ಹಲ್ಲೆ ನಡೆಯುತ್ತಿದ್ದರೆ ಈ ಮೂರನ್ನೂ ಬದಿಗಿಟ್ಟು 112ಕ್ಕೆ ಕರೆ ಮಾಡುವುದು ಮೊದಲ ಕೆಲಸ.